ಬರೆಯುವ ಮುಂಬಯಿ ಕನ್ನಡಿಗರಿಗೆ ಹನ್ನೆರಡು ಸೂತ್ರಗಳು

ಬರವಣಿಗೆಯೊಂದನ್ನೇ ನಂಬಿ ಮುಂಬಯಿಯಲ್ಲಿ ಬದುಕಿದ ಕನ್ನಡ ಸಾಹಿತಿಗಳು ತೀರ ವಿರಳ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ದುಡಿದರು. ಜಯಂತ ಕಾಯ್ಕಿಣಿ ಔಷಧ ಕಂಪನಿಯಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದರು. ಶ್ರೀನಿವಾಸ ಹಾವನೂರರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದರೆ, ಬಿ.ಎ. ಸನದಿಯವರು ಆಕಾಶವಾಣಿಯಲ್ಲಿದ್ದರು. ಎಲ್ಲರೂ ನೌಕರಿ, ರೈಲು, ಸಂಸಾರ ಎಲ್ಲವನ್ನೂ ನಿಭಾಯಿಸಿಕೊಂಡೇ ಬರೆದವರು. ಆದ್ದರಿಂದ "ಈ ಊರಲ್ಲಿ ಬರೆಯಲು ಪುರುಸೊತ್ತೆಲ್ಲಿದೆ?" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಸಂಘವೊಂದರ ಮಾಸಿಕಕ್ಕೆ ಬರುವ ಲೇಖನಗಳನ್ನು ಓದಿ ತಿದ್ದುವುದು ನಾನು ಪ್ರೀತಿಯಿಂದ ಮಾಡಿಕೊಂಡು ಬಂದ ಕೆಲಸ. ಭಾಷೆ ಬಾರದೆ ಸೋತವರು ಅಲ್ಲಿ ಕಡಿಮೆ. ತಾನು ಬರೆಯುತ್ತಿರುವುದು ವರದಿಯೋ, ಪ್ರಬಂಧವೋ, ಕಥೆಯೋ ಎಂದು ತೀರ್ಮಾನಿಸದೆ ಕೂತವರು ಸೋಲುತ್ತಾರೆ. ಟಿಪ್ಪಣಿಯಿಂದ ಪ್ರೂಫ್‌ವರೆಗಿನ ಎಲ್ಲವನ್ನೂ ಒಂದೇ ರಾತ್ರಿ ಮುಗಿಸಲು ಹೊರಟವರು ಸೋಲುತ್ತಾರೆ. ಕೆಳಗಿನ ಸೂತ್ರಗಳು ಅವರಿಗಾಗಿ.

1. ಮೊದಲು ಪ್ರಕಾರ, ಆಮೇಲೆ ಮೊದಲ ಸಾಲು

2005ರ ಜುಲೈ 26ನ್ನು ತೆಗೆದುಕೊಳ್ಳಿ. ಅಂದಿನ ಮಳೆಯ ಬಗ್ಗೆ ಹೇಳಲು ಏನೂ ಇಲ್ಲ ಎನ್ನುವ ಮುಂಬಯಿಗ ಇರಲಾರ. ಆದರೆ ಅದೇ ಮಳೆ ನಾಲ್ಕು ಬರಹಗಳಲ್ಲಿ ನಾಲ್ಕು ರೀತಿ ಸುರಿಯಬೇಕು.

ವರದಿಯಾದರೆ ಅಂಕಿ ಮುಂದೆ ಬರಬೇಕು: ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ, ನಿಂತ ಲೋಕಲ್‌ಗಳು, ಮುಳುಗಿದ ಬಡಾವಣೆಗಳು. ವೈಚಾರಿಕ ಲೇಖನವಾದರೆ "ಯಾಕೆ?" ಎಂಬ ಪ್ರಶ್ನೆ ಮುಂದೆ ಬರಬೇಕು: ಒತ್ತುವರಿಯಾದ ಮೀಠಿ ನದಿ, ಮುಚ್ಚಿಹೋದ ಕಾಂಡ್ಲಾ ಕಾಡು, ಹಳೆಯ ಚರಂಡಿಗಳು, ಅದೇ ಹೊತ್ತಿಗೆ ಏರಿಬಂದ ಸಮುದ್ರ. ಲಲಿತ ಪ್ರಬಂಧಕ್ಕೆ ಇಷ್ಟೆಲ್ಲ ಬೇಡ. ಹೆದ್ದಾರಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಗುರುತಿಲ್ಲದ ಕೈಯೊಂದು ನೀಡಿದ ಪಾರ್ಲೆ-ಜಿ ಪೊಟ್ಟಣ ಸಾಕು, ಅದರ ಸುತ್ತ ನಿಮ್ಮ ಮನಸ್ಸು ತಿರುಗಲಿ. ಕಥೆಗೆ ಇಬ್ಬರು ಬೇಕು. ವರ್ಷಗಳಿಂದ ಮಾತು ಬಿಟ್ಟ ಇಬ್ಬರು ಸಹೋದ್ಯೋಗಿಗಳು ಆ ರಾತ್ರಿ ಕರೆಂಟು ಹೋದ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡರೆ ಏನಾದೀತು?

ನಾಲ್ಕೂ ಒಳ್ಳೆಯ ಬರಹಗಳೇ. ನಾಲ್ಕನ್ನೂ ಒಂದರಲ್ಲಿ ತುರುಕಿದರೆ ಮಾತ್ರ ಓದುಗನಿಗೆ ದಾರಿ ತಪ್ಪುತ್ತದೆ. ಕಾಗದದ ನೆತ್ತಿಯ ಮೇಲೆ "ಇದು ವರದಿ" ಅಥವಾ "ಇದು ಪ್ರಬಂಧ" ಎಂದು ಬರೆದುಕೊಂಡೇ ಶುರು ಮಾಡಿ. ಬರಹ ಮುಗಿದ ಮೇಲೆ ಆ ಸಾಲನ್ನು ಹೊಡೆದುಹಾಕಿ.

2. ರೈಲಿನಲ್ಲಿ ಟಿಪ್ಪಣಿ, ಮನೆಯಲ್ಲಿ ಕರಡು

ವಿರಾರ್ ಫಾಸ್ಟ್‌ನಲ್ಲಿ ಕಾದಂಬರಿಯ ಅಧ್ಯಾಯ ಬರೆಯಲು ಹೋಗಬೇಡಿ. ದಾದರ್ ಬಂದರೆ ಫೋನ್ ಹಿಡಿದ ಕೈಯನ್ನು ಎತ್ತುವುದೇ ಕಷ್ಟ. ಆದರೆ ಟಿಪ್ಪಣಿಗೆ ರೈಲಿನಷ್ಟು ಒಳ್ಳೆಯ ಜಾಗ ಬೇರಿಲ್ಲ. ಕಿವಿಗೆ ಬಿದ್ದ ಒಂದು ಮಾತು, ಕಣ್ಣಿಗೆ ಬಿದ್ದ ಒಂದು ವಸ್ತು, ಸ್ಟೇಷನ್ನಿನ ಹೆಸರು, ತಾರೀಕು, ಇಷ್ಟೇ. "ಜನ ಎಷ್ಟು ದಣಿದಿದ್ದಾರೆ" ಎಂಬ ಅಭಿಪ್ರಾಯ ಬರೆದಿಡಬೇಡಿ, ಆರು ತಿಂಗಳ ಮೇಲೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. "ನಿಂತುಕೊಂಡೇ ನಿದ್ದೆ ಮಾಡುತ್ತಿದ್ದವನು ಕುರ್ಲಾ ಬಂದದ್ದೇ ಕಣ್ಣು ತೆರೆಯದೆ ಇಳಿದ" ಎಂದು ಬರೆದಿಟ್ಟರೆ ಆರು ವರ್ಷದ ಮೇಲೂ ಆ ಮನುಷ್ಯ ನಿಮ್ಮೆದುರು ನಿಲ್ಲುತ್ತಾನೆ.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಆ ಟಿಪ್ಪಣಿಗೆ ಎರಡು ಸಾಲು ಸೇರಿಸಿ. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ.

3. ಕಥೆಗೆ ತತ್ತ್ವ ಹುಡುಕಬೇಡಿ, ವಸ್ತು ಹುಡುಕಿ

"ಮಹಾನಗರದ ಅನಾಥಪ್ರಜ್ಞೆ" ಎಂಬ ವಿಷಯ ಇಟ್ಟುಕೊಂಡು ಕಥೆ ಬರೆಯಲು ಕೂತವರ ಕಥೆ ಎರಡನೇ ಪುಟಕ್ಕೆ ನಿಲ್ಲುತ್ತದೆ. ಕಾಯ್ಕಿಣಿಯವರ "ಒಪೆರಾ ಹೌಸ್" ಕಥೆಯಲ್ಲಿ ಚಿತ್ರಮಂದಿರ ಗುಡಿಸುವ ಹುಡುಗನಿಗೆ ಸೀಟಿನ ಕೆಳಗೆ ಯಾರೋ ಬಿಟ್ಟುಹೋದ ಫ್ಲಾಸ್ಕ್ ಸಿಗುತ್ತದೆ. "ದಗಡೂ ಪರಬನ ಅಶ್ವಮೇಧ"ದಲ್ಲಿ ಮದುಮಗನನ್ನು ಹೊತ್ತ ಕುದುರೆ ಮೆರವಣಿಗೆ ಬಿಟ್ಟು ಓಡುತ್ತದೆ. "ನೋ ಪ್ರೆಸೆಂಟ್ಸ್ ಪ್ಲೀಸ್"ನಲ್ಲಿ ಇರುವುದು ಒಂದು ಮದುವೆಯ ಕರೆಯೋಲೆ, ಅದರಲ್ಲಿ ಹೆಸರಿನ ಮುಂದೆ ಏನು ಅಚ್ಚು ಹಾಕಿಸುವುದು ಎಂಬ ಚಿಂತೆ. ಫ್ಲಾಸ್ಕ್, ಕುದುರೆ, ಕರೆಯೋಲೆ ಮೂರೂ ಕೈಗೆ ಸಿಗುವಂಥವು. ಒಂಟಿತನವೂ ಬಡತನವೂ ಅವುಗಳ ಹಿಂದೆ ತಾವಾಗಿ ಬಂದವು. ಆ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿ.ಎಸ್.ಸಿ. ಪ್ರಶಸ್ತಿ ಪಡೆದವು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇಂಥ ವಸ್ತು ಯಾವುದಿದೆ ನೋಡಿ. ಇಲ್ಲದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ, ಕಾಯಿರಿ.

4. ನಿಮ್ಮ ಆಫೀಸನ್ನೂ ಬರೆಯಿರಿ

ನನ್ನ ಕೈಗೆ ಬರುವ ಹತ್ತರಲ್ಲಿ ಏಳೆಂಟು ಬರಹಗಳು ಊರಿನ ಗದ್ದೆ, ಕಂಬಳ, ಯಕ್ಷಗಾನ, ಅಜ್ಜಿಯ ಪತ್ರೊಡೆಯ ಸುತ್ತ ಇರುತ್ತವೆ. ಪ್ರೀತಿಯಿಂದ ಬರೆದವೇ, ಸಂಶಯವಿಲ್ಲ. ಆದರೆ ಮೂವತ್ತು ವರ್ಷ ನರೀಮನ್ ಪಾಯಿಂಟ್‌ನಲ್ಲಿ ಲೆಕ್ಕ ಬರೆದವರು ಆ ಮೂವತ್ತು ವರ್ಷದ ಬಗ್ಗೆ ಒಂದು ಸಾಲೂ ಬರೆಯದಿದ್ದಾಗ ನನಗೆ ಸಂಕಟವಾಗುತ್ತದೆ.

ಚಿತ್ತಾಲರು ಹನೇಹಳ್ಳಿಯನ್ನು ಬಿಡಲಿಲ್ಲ, ಮುಂಬಯಿಯನ್ನೂ ಬಿಡಲಿಲ್ಲ. 1979ರ "ಶಿಕಾರಿ"ಯ ನಾಗನಾಥ ಒಂದು ಕೆಮಿಕಲ್ ಕಂಪನಿಯ ಅಧಿಕಾರಿ. ಅವನ ಮೇಲೆ ಬರುವ ಆಪಾದನೆ, ಬೆನ್ನ ಹಿಂದೆ ನಡೆಯುವ ಪಿತೂರಿ, ಮೇಲಿನವರ ಮೌನ, ಎಲ್ಲ ಕಂಪನಿಯ ಒಳಗಿನ ಬದುಕು ಬಲ್ಲವರಿಗೆ ಮಾತ್ರ ಬರೆಯಲು ಸಾಧ್ಯವಾಗುವಂಥದ್ದು. ವ್ಯಾಸರಾಯ ಬಲ್ಲಾಳರ "ಬಂಡಾಯ" ಮುಂಬಯಿಯ ಕಾರ್ಮಿಕ ಜಗತ್ತನ್ನು ಕನ್ನಡಕ್ಕೆ ತಂದು 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಹೋಟೆಲಿನ ಗಲ್ಲಾ, ಬ್ಯಾಂಕಿನ ಕೌಂಟರು, ಆಸ್ಪತ್ರೆಯ ನೈಟ್ ಡ್ಯೂಟಿ, ಅಂಧೇರಿಯ ಕಾಲ್ ಸೆಂಟರ್. ಕನ್ನಡದಲ್ಲಿ ಇವುಗಳ ಬಗ್ಗೆ ಬರೆದವರು ಇಂದಿಗೂ ಕಡಿಮೆ. ಊರಿನ ಬಗ್ಗೆ ಊರಿನಲ್ಲೇ ಇದ್ದವರು ಬರೆಯುತ್ತಾರೆ. ನೀವು ಕಂಡದ್ದನ್ನು ನೀವಲ್ಲದೆ ಯಾರು ಬರೆಯಬೇಕು?

5. ಕರಡನ್ನು ನಿಲ್ಲಿಸದೆ ಬರೆಯಿರಿ

ಕರಡು ಬರೆಯುವಾಗ ತಿದ್ದಬೇಡಿ. ಪದ ಸಿಗದಿದ್ದರೆ ಹಿಂದಿಯಲ್ಲೋ ತುಳುವಿನಲ್ಲೋ ಹಾಕಿ ಮುಂದೆ ಹೋಗಿ. ಇಸವಿ ನೆನಪಾಗದಿದ್ದರೆ ಖಾಲಿ ಬಿಡಿ. ಗೂಗಲ್ ತೆರೆದಿರೋ, ಆ ರಾತ್ರಿ ಮುಗಿಯಿತು.

6. ಸಂಘದ ವರದಿಯನ್ನು ದೀಪದಿಂದ ಶುರು ಮಾಡಬೇಡಿ

ಮುಂಬಯಿ ಕನ್ನಡಿಗರು ಅತಿ ಹೆಚ್ಚು ಬರೆಯುವ ಪ್ರಕಾರ ಇದು. ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ರವಿವಾರ ಬಂದರೆ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲೋ, ಮಾಹೀಮಿನ ಕರ್ನಾಟಕ ಸಂಘದಲ್ಲೋ, ಕುರ್ಲಾದ ಬಂಟರ ಸಂಘದಲ್ಲೋ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲೋ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ವರದಿ ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಸಂಘದ ವಾರ್ಷಿಕೋತ್ಸವ ಸಮಾರಂಭವು ಕಳೆದ ರವಿವಾರ ಸಂಜೆ ಅತ್ಯಂತ ವಿಜೃಂಭಣೆಯಿಂದ ಜರಗಿತು. ಗಣ್ಯರು ದೀಪ ಬೆಳಗಿಸಿ ಉದ್ಘಾಟಿಸಿದರು. ಮಹಿಳಾ ವಿಭಾಗದ ಸದಸ್ಯೆಯರು ಪ್ರಾರ್ಥನೆಗೈದರು. ಕಾರ್ಯದರ್ಶಿಯವರು ಸ್ವಾಗತಿಸಿ ಪ್ರಾಸ್ತಾವಿಕವಾಗಿ ಮಾತನಾಡಿದರು..."

ದೀಪ, ಪ್ರಾರ್ಥನೆ, ಸ್ವಾಗತ ಎಲ್ಲ ಸಭೆಯಲ್ಲೂ ಇರುತ್ತವೆ. ಈ ಸಭೆಯಲ್ಲಿ ಮಾತ್ರ ನಡೆದದ್ದು ಏನು? ಅದು ಮೊದಲ ವಾಕ್ಯವಾಗಬೇಕು. ಮಾದರಿಗಾಗಿ ಹೀಗೆ ಬರೆದು ನೋಡಿ:

"ಹತ್ತನೇ ತರಗತಿ ಮುಗಿಸಿದ ಇಪ್ಪತ್ತೆರಡು ಮಕ್ಕಳ ಕಾಲೇಜು ಶುಲ್ಕವನ್ನು ಈ ವರ್ಷ ಸಂಘವೇ ಕಟ್ಟಲಿದೆ. ರವಿವಾರದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಇದನ್ನು ಪ್ರಕಟಿಸಿದಾಗ ಹಿಂದಿನ ಸಾಲಿನಲ್ಲಿದ್ದ ತಾಯಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು."

ಹೆಸರುಗಳನ್ನು ಬಿಡಬೇಕಾಗಿಲ್ಲ. ಸ್ವಾಗತಿಸಿದವರಿಗೂ ವಂದನಾರ್ಪಣೆ ಮಾಡಿದವರಿಗೂ ತಮ್ಮ ಹೆಸರು ಅಚ್ಚಿನಲ್ಲಿ ಕಾಣುವ ಹಕ್ಕಿದೆ. ಕೆಲಸ ಮಾಡಿದವರು ಅವರೇ. ಎಲ್ಲವನ್ನೂ ಕೊನೆಯ ಪ್ಯಾರಾದಲ್ಲಿ ಒಟ್ಟಿಗೆ ಕೊಡಿ, ಇನಿಷಿಯಲ್ ಸಮೇತ ಎರಡು ಸಲ ತಾಳೆ ನೋಡಿ. ಭಾಷಣಕಾರರ ಮಾತಿನಲ್ಲಿ ಹೊಸದೆನಿಸಿದ ಒಂದೇ ವಿಚಾರ ಆರಿಸಿ ನಾಲ್ಕು ಸಾಲು ಕೊಡಿ. "ಸಮಯೋಚಿತವಾಗಿ ಮಾತನಾಡಿದರು" ಎಂದರೆ ಅವರು ಏನು ಹೇಳಿದರೆಂದು ಓದುಗನಿಗೆ ತಿಳಿಯುವುದೇ ಇಲ್ಲ.

7. ವ್ಯಕ್ತಿಚಿತ್ರಕ್ಕೆ ಗುಣವಾಚಕ ಸಾಲದು, ಪ್ರಶ್ನೆ ಬೇಕು

"ಸರಳ, ಸಜ್ಜನ, ಸ್ನೇಹಜೀವಿ, ಕೊಡುಗೈ ದಾನಿ." ಈ ನಾಲ್ಕು ಪದಗಳನ್ನು ಯಾರ ಹೆಸರಿನ ಪಕ್ಕದಲ್ಲಿಟ್ಟರೂ ಹೊಂದುತ್ತವೆ. ನುಡಿನಮನಗಳೂ ಅಭಿನಂದನಾ ಲೇಖನಗಳೂ ಒಂದೇ ಮುಖ ಹೊತ್ತಿರುವುದು ಇದರಿಂದಲೇ.

ಹಿರಿಯರ ಮುಂದೆ ಕೂತಾಗ ಚಿಕ್ಕ, ಖಚಿತ ಪ್ರಶ್ನೆ ಕೇಳಿ. ಮುಂಬಯಿಗೆ ಬಂದದ್ದು ಯಾವ ಇಸವಿ? ಹಡಗಿನಲ್ಲೋ, ಬಸ್ಸಿನಲ್ಲೋ? (ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ಬಂದವರ ದಾರಿಯೇ ಒಂದು ಅಧ್ಯಾಯ.) ಕೈಯಲ್ಲಿ ಎಷ್ಟು ದುಡ್ಡಿತ್ತು, ಯಾರ ವಿಳಾಸವಿತ್ತು? ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಹಗಲು ಹೋಟೆಲಿನಲ್ಲಿ ದುಡಿದು ಯಾವ ರಾತ್ರಿ ಶಾಲೆಗೆ ಹೋದಿರಿ? ಊರಿಗೆ ಕಳಿಸಿದ ಮೊದಲ ಮನಿಯಾರ್ಡರ್ ಎಷ್ಟರದ್ದು?

ಮಾಟುಂಗಾ ಸ್ಟೇಷನ್ ಬಳಿಯ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗನ್ನು ಎ. ರಾಮ ನಾಯಕರು ಶುರು ಮಾಡಿದ್ದು 1942ರಲ್ಲಿ. ಅಂದರೆ ಯುದ್ಧಕಾಲದ ಮುಂಬಯಿ, ರೇಷನ್ನಿನ ದಿನಗಳು. ಆ ಇಸವಿಯೊಂದನ್ನು ಬರೆದರೇ ಓದುಗನ ಮನಸ್ಸಿನಲ್ಲಿ ಹತ್ತು ಪ್ರಶ್ನೆ ಏಳುತ್ತವೆ: ಅಕ್ಕಿ ಎಲ್ಲಿಂದ ಬರುತ್ತಿತ್ತು, ಎಲೆ ಊಟಕ್ಕೆ ಯಾರು ಬರುತ್ತಿದ್ದರು, ಅಡುಗೆಯವರು ಯಾವ ಊರಿನವರು? "ಬಹಳ ವರ್ಷಗಳ ಹಿಂದೆ ಪ್ರಾರಂಭವಾದ ಪ್ರಸಿದ್ಧ ಹೋಟೆಲು" ಎಂದು ಬರೆದರೆ ಒಂದು ಪ್ರಶ್ನೆಯೂ ಏಳುವುದಿಲ್ಲ.

ಈ ತಲೆಮಾರಿನ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮುಂದೆ ಕೂರಲು ಮುಂದಿನ ರವಿವಾರ ಬಿಡುವು ಮಾಡಿಕೊಳ್ಳಿ. ಮೆಗಾ ಬ್ಲಾಕ್ ಇದ್ದರೂ ಹೋಗಿ.

8. ಇತಿಹಾಸ ಬರೆದರೆ ಇಸವಿಯನ್ನು ಮುದ್ರಿತ ದಾಖಲೆಯಲ್ಲೇ ನೋಡಿ

ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಹುಟ್ಟಿದವು. ಇಂಥ ಇಸವಿಗಳು ಬಾಯಿಂದ ಬಾಯಿಗೆ ದಾಟುವಾಗ ಬೇಗ ಜಾರುತ್ತವೆ. ಹಳೆಯ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಕಲೀನಾದಲ್ಲಿರುವ ಕನ್ನಡ ವಿಭಾಗದ ಪ್ರಕಟಣೆಗಳು, ಇವುಗಳಲ್ಲಿ ಕಣ್ಣಾರೆ ಕಂಡ ಮೇಲೆ ಬರೆಯಿರಿ. ಎರಡು ಕಡೆ ಎರಡು ಇಸವಿ ಇದ್ದರೆ ಎರಡನ್ನೂ ಕೊಟ್ಟು ಎಲ್ಲಿ ಕಂಡಿರೆಂದು ಹೇಳಿ.

9. ಸಂಭಾಷಣೆಯಲ್ಲಿ ಯಾರು ಯಾವ ನುಡಿ ಆಡುತ್ತಾರೆಂದು ತೀರ್ಮಾನಿಸಿ

ಚೆಂಬೂರಿನ ಹೋಟೆಲ್ ಮಾಲೀಕರೊಬ್ಬರು ಹೆಂಡತಿಯ ಜತೆ ಕುಂದಾಪ್ರ ಕನ್ನಡ, ಕೆಲಸದ ಹುಡುಗರ ಜತೆ ತುಳು, ತರಕಾರಿಯವಳ ಜತೆ ಮರಾಠಿ, ಗಿರಾಕಿಯ ಜತೆ ಹಿಂದಿ ಆಡುತ್ತಾರೆ. ಇದು ಮುಂಬಯಿಯಲ್ಲಿ ನಿತ್ಯದ ಮಾತು. ಆದರೆ ಕಥೆಯಲ್ಲಿ ನಾಲ್ಕನ್ನೂ ಯಥಾವತ್ತಾಗಿ ಬರೆದರೆ ಧಾರವಾಡದ ಓದುಗನಿಗೆ ಪುಟ ದಾಟುವುದೇ ಕಷ್ಟ. ನಿರೂಪಣೆ ತಿಳಿಗನ್ನಡದಲ್ಲಿರಲಿ. ಮನೆಯೊಳಗಿನ ಮಾತಿಗೆ ಕುಂದಾಪ್ರದ ಸೊಗಡು ಪೂರ್ತಿ ಬಿಡಿ. ಮರಾಠಿ, ಹಿಂದಿಗೆ ಒಂದು ಸಂಬೋಧನೆ ಸಾಕು. "ಕಾಯ್ ಭಾವು" ಎಂದು ಶುರುವಾದ ಮಾತು ಮುಂದೆ ಕನ್ನಡದಲ್ಲೇ ಹರಿದರೂ ಅದು ಮರಾಠಿಯೆಂದು ಓದುಗನಿಗೆ ಗೊತ್ತಾಗುತ್ತದೆ.

ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕನ್ನಡ ಬೇರೆ. ಹಿಂದಿಯ ಜಾಡಿನಲ್ಲಿ ಹೋಗುವ ಅವರ ಮಾತನ್ನು ಕಥೆಯಲ್ಲಿ ತಿದ್ದಿ ಶುದ್ಧ ಮಾಡಬೇಡಿ. ಅಜ್ಜನ ಮಾತಿಗೂ ಮೊಮ್ಮಗಳ ಮಾತಿಗೂ ನಡುವಿನ ದೂರವೇ ಎಷ್ಟೋ ಸಲ ಕಥೆ.

10. ಮೂರು ಸುತ್ತು ತಿದ್ದಿ, ನಡುವೆ ದಿನ ಬಿಡಿ

ಕರಡು ಮುಗಿದ ಕೂಡಲೇ ಅದು ಬಹಳ ಚೆನ್ನಾಗಿ ಕಾಣುತ್ತದೆ. ಎರಡು ದಿನ ಮುಚ್ಚಿಡಿ.

ಮೊದಲ ಸುತ್ತಿನಲ್ಲಿ ಕಟ್ಟಡ ನೋಡಿ. ಬಹುಪಾಲು ಕರಡುಗಳಲ್ಲಿ ನಿಜವಾದ ಆರಂಭ ಮೂರನೇ ಪ್ಯಾರಾದಲ್ಲಿರುತ್ತದೆ. ಮೊದಲೆರಡನ್ನು ಧೈರ್ಯವಾಗಿ ತೆಗೆಯಿರಿ. ಎರಡನೇ ಸುತ್ತಿನಲ್ಲಿ ವಾಕ್ಯಗಳು. ನಮ್ಮಲ್ಲಿ ಪದೇ ಪದೇ ಕಾಣುವ ಒಂದು ಜಾತಿಯ ವಾಕ್ಯ ಇದು:

"ನಾನು ಪ್ರತಿದಿನ ರೈಲಿನಲ್ಲಿ ಪ್ರಯಾಣವನ್ನು ಮಾಡುವಂತಹ ಸಂದರ್ಭದಲ್ಲಿ ಅನೇಕ ರೀತಿಯ ಜನರನ್ನು ನೋಡುವಂತಹ ಅವಕಾಶವು ನನಗೆ ದೊರೆಯುತ್ತದೆ."

"ವಂತಹ" ಎರಡೂ ಹೋಗಲಿ. "ಪ್ರಯಾಣವನ್ನು ಮಾಡುವ" ಬೇಡ. "ಅನೇಕ ರೀತಿಯ ಜನ"ರಲ್ಲಿ ಒಬ್ಬರನ್ನು ಆರಿಸಿ, ಟಿಪ್ಪಣಿಗೆ ಹಿಂತಿರುಗಿ:

"ಸಂಜೆಯ ಡೊಂಬಿವಲಿ ಲೋಕಲ್‌ನಲ್ಲಿ ಎದುರಿಗೆ ಕೂತ ಹೆಂಗಸು ಠಾಣೆ ಬರುವಷ್ಟರಲ್ಲಿ ಒಂದು ಕಿಲೋ ಬಟಾಣಿ ಸುಲಿದು ಮುಗಿಸಿದಳು."

ಮೂರನೇ ಸುತ್ತು ಅಕ್ಷರಗಳದ್ದು. ಅಲ್ಪಪ್ರಾಣ-ಮಹಾಪ್ರಾಣ, "ಕೃ" ಮತ್ತು "ಕ್ರು", "ಹ" ಮತ್ತು "ಅ". ಇದನ್ನು ಪರದೆಯ ಮೇಲೆ ಮಾಡಬೇಡಿ, ಕಾಗದದ ಮೇಲೆ ಮಾಡಿ. ಆಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ವಾಕ್ಯ ಒಡೆಯಬೇಕು, ನಾಲಗೆ ಎಡವಿದ ಕಡೆ ಪದ ಬದಲಾಗಬೇಕು. ಕಿವಿಯ ಶಕ್ತಿ ಎಷ್ಟೆಂದು ಪುಣೆಯ ಕುಲಕರ್ಣಿ ದಂಪತಿಯನ್ನು ನೋಡಿ ತಿಳಿಯಬೇಕು. ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿಯನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು, ಉಮಾ ಕುಲಕರ್ಣಿಯವರು ಅದನ್ನು ಕೇಳಿಸಿಕೊಂಡು ಮರಾಠಿಗೆ ತರುತ್ತಿದ್ದರು. ಭೈರಪ್ಪನವರು ಮರಾಠಿ ಮನೆಗಳನ್ನು ತಲುಪಿದ್ದು ಹೀಗೆ, ಕಿವಿಯ ಮೂಲಕ.

ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಸಂಗಾತಿಗಳನ್ನು ಹುಡುಕಿ. ಮುಂಬಯಿಯ ಕನ್ನಡ ಲೇಖಕಿಯರು "ಸೃಜನಾ" ಬಳಗ ಕಟ್ಟಿಕೊಂಡಿದ್ದಾರೆ. ನಿಮ್ಮ ಉಪನಗರದಲ್ಲಿ ಅಂಥದ್ದಿಲ್ಲವಾದರೆ ನಾಲ್ಕು ಜನ ಸೇರಿ ತಿಂಗಳಿಗೊಮ್ಮೆ ಓದಿಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಡ.

11. ಕೀಲಿಮಣೆ ಕಲಿಯಿರಿ

ಇಂದು ನಾವು ಕಂಪ್ಯೂಟರಿನಲ್ಲಿ ಸಲೀಸಾಗಿ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಮುಂಬಯಿಯಲ್ಲಿ ದುಡಿದವರು, ಟಾಟಾ ಪ್ರೆಸ್ಸಿನಲ್ಲಿ ಅಕ್ಷರ ಜೋಡಣೆಯ ಕೆಲಸ ಬಲ್ಲವರು. ಅದೇ ವಿನ್ಯಾಸವನ್ನು ಕರ್ನಾಟಕ ಸರಕಾರ ಮುಂದೆ ಒಪ್ಪಿಕೊಂಡಿತು. ಒಂದು ವಾರ ಅಭ್ಯಾಸ ಮಾಡಿದರೆ ಬೆರಳು ಒಗ್ಗುತ್ತದೆ. ಧ್ವನಿ ಟೈಪಿಂಗ್ ಕರಡಿಗೆ ಆದೀತು, ಆದರೆ ಪೂರ್ಣವಿರಾಮಗಳನ್ನೂ ಹೆಸರುಗಳನ್ನೂ ನೀವೇ ಸರಿಪಡಿಸಬೇಕು.

ಕೆಲವು ಮುದ್ರಣಾಲಯಗಳಲ್ಲಿ ಈಗಲೂ ಹಳೆಯ ನುಡಿ ಫಾಂಟ್ ನಡೆಯುತ್ತದೆ. ಯೂನಿಕೋಡ್‌ನಿಂದ ಅದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಆದ್ದರಿಂದ ಲೇಖನದ ಜತೆ ಒಂದು ಪಿಡಿಎಫ್ ಕಳಿಸಿ. ಪುಟ ಕಟ್ಟುವವರಿಗೆ ನೀವು ಬರೆದದ್ದು ಏನೆಂದು ಕಣ್ಣಿಗೆ ಕಾಣಬೇಕು. ಪ್ರೂಫ್ ಬಂದರೆ ಅಂದೇ ನೋಡಿ ಮರಳಿಸಿ. ಆ ಹಂತದಲ್ಲಿ ಹೊಸ ಪ್ಯಾರಾ ಸೇರಿಸಲು ಹೋಗಬೇಡಿ.

12. ಎಲ್ಲಿಗೆ, ಎಷ್ಟು, ಯಾವಾಗ

"ಕರ್ನಾಟಕ ಮಲ್ಲ", "ಉದಯವಾಣಿ"ಯ ಮುಂಬಯಿ ಆವೃತ್ತಿ, "ಮೊಗವೀರ", "ನೇಸರು", "ಅಕ್ಷಯ", "ಬಂಟರವಾಣಿ", "ಗೋಕುಲವಾಣಿ". ಕರ್ನಾಟಕದ ಹೊರಗೆ ಕನ್ನಡ ಬರಹಗಾರನಿಗೆ ಇಷ್ಟು ಬಾಗಿಲುಗಳಿರುವ ಊರು ನನಗೆ ಇನ್ನೊಂದು ಗೊತ್ತಿಲ್ಲ. ಪ್ರತಿಯೊಂದರ ನಾಲ್ಕೈದು ಸಂಚಿಕೆ ಓದಿ, ಅಲ್ಲಿ ಎಂಥ ಬರಹ ಬರುತ್ತದೆಂದು ತಿಳಿದು ಕಳಿಸಿ. ಒಂದೇ ಲೇಖನವನ್ನು ಎರಡು ಕಡೆ ಕಳಿಸಬೇಡಿ. ಆರುನೂರು ಪದ ಕೇಳಿದವರಿಗೆ ಸಾವಿರದ ಇನ್ನೂರು ಕಳಿಸಿದರೆ ಕತ್ತರಿ ಅವರ ಕೈಗೆ ಹೋಗುತ್ತದೆ. ಅದು ನಿಮ್ಮ ಕೈಯಲ್ಲೇ ಇರಲಿ.

ಗಣೇಶೋತ್ಸವದ ಲೇಖನವನ್ನು ಚೌತಿಯ ಹಿಂದಿನ ದಿನ ಕಳಿಸಿದರೆ ಮಾಸಿಕದಲ್ಲಿ ಜಾಗವಿರುವುದಿಲ್ಲ, ಒಂದು ತಿಂಗಳು ಮುಂಚೆ ಕಳಿಸಿ. ಬೆಂಗಳೂರಿನ ಪತ್ರಿಕೆಗಳ ದೀಪಾವಳಿ ಕಥಾಸ್ಪರ್ಧೆಗಳಿಗೆ ಕರೆ ಬರುವುದು ಹಬ್ಬಕ್ಕೆ ಎಷ್ಟೋ ಮೊದಲು. ಆ ಕರೆ ನೋಡಿದ ಮೇಲೆ ಕಥೆ ಶುರು ಮಾಡಿದವರಿಗೆ ತಿದ್ದಲು ದಿನ ಉಳಿಯುವುದಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಕರಡು ಸಿದ್ಧವಿರಲಿ.

ಕಳಿಸಿದ ಪ್ರತಿಯ ನಕಲು ಇಟ್ಟುಕೊಳ್ಳಿ, ತಾರೀಕು ಬರೆದಿಡಿ. ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ ವಿನಯದಿಂದ ಒಂದು ಸಾಲು ಬರೆದು ಕೇಳಿ, ಬೇಡವೆಂದರೆ ಇನ್ನೊಂದು ಕಡೆ ಕಳಿಸಿ. ಅಚ್ಚಾದ ದಿನ ಕರಡನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟು ಸಂಪಾದಕರು ಎಲ್ಲಿ ಕೈಯಾಡಿಸಿದ್ದಾರೆಂದು ಸಾಲು ಸಾಲಾಗಿ ನೋಡಿ. ಯಾಕೆ ತೆಗೆದರೆಂದು ಗೊತ್ತಾಗದ ಕಡೆ ಗುರುತು ಹಾಕಿಕೊಂಡು ಫೋನ್ ಮಾಡಿ ಕೇಳಿ. ಅಂಥ ಕರೆ ಬಂದಾಗ ನಮಗೆ ಖುಷಿಯಾಗುತ್ತದೆ.